ಕೂಡಿ ಹಾಡಿಸಿದ ಕವಿ

ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆದ ಮೊದಲನೆಯ ವಾರದಲ್ಲಿ, ಹತ್ತನೆಯ ತರಗತಿಯ ಬಾಲೆಯರ ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಕಾಣಬಂದು, ಪರೀಕ್ಷೆಯು ಹತ್ತಿರವಾಯಿತಲ್ಲಾ, ವಾರಕ್ಕೆರಡು ಸಲ ಬರುವ ಸಂಗೀತದ ಘಂಟೆಯನ್ನು ಗಣಿತಕ್ಕೆ ಕೊಡಬಾರದೇ ಎಂದು ಕೇಳುವುದುಂಟು. ಇನ್ನು ಕೆಲವರು ಬಹು ವಿನಯದಿಂದ ಚೀಟಿ ಬರೆದು, ತಮ್ಮ ಮಗಳನ್ನು ವಾರ್ಷಿಕೋತ್ಸವದ ನಾಟಕದಿಂದ ಬಿಡುಗಡೆ ಮಾಡಬೇಕೆಂದು ಕೇಳಿಕೊಳ್ಳುವರು. ಅವರ ಮೇಲೆ ನಮಗೆ ಅಸಮಾಧಾನವಿಲ್ಲ. ಮಕ್ಕಳ ಹಿತವನ್ನೇ ಬಯಸಿ ಅವರು ಬರುವವರು. ಎರಡು ವರ್ಷ ನಾವು ಆ ಘಂಟೆಯನ್ನು ಗಣಿತಕ್ಕೆ ಬಿಟ್ಟುಕೊಟ್ಟದ್ದೂ ಉಂಟು. ಅಂಕಗಳು ಹೆಚ್ಚಿದವೆಂದು ಹೇಳಲಾರೆವು.

ಈ ಸಲ ಅವರಿಗೆ ವಾದದಿಂದ ಉತ್ತರ ಕೊಡುವುದನ್ನು ಬಿಟ್ಟು, ಒಬ್ಬ ಕವಿಯ ಜೀವಿತದ ಒಂದು ಭಾಗವನ್ನು ಪಾಠದ ರೀತಿಯಲ್ಲಿ ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುವೆವು. ರವೀಂದ್ರನಾಥ ಠಾಕೂರರ ಹೆಸರನ್ನು ಅರಿಯದ ಹಳೆಯ ವಿದ್ಯಾರ್ಥಿನಿ ನಮ್ಮಲ್ಲಿ ಇರಲಾರಳು. ಅವರ ರಾಷ್ಟ್ರಗೀತೆಯನ್ನು ಈ ಅಂಗಳದಲ್ಲಿಯೇ ನೀವೆಲ್ಲರೂ ಹಾಡಿದ್ದೀರಿ. ಅವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂದ ಸಂಗತಿಯು ಪಾಠಪುಸ್ತಕಗಳಲ್ಲಿರುವುದರಿಂದ ಅದನ್ನು ಅಲ್ಲಿಗೇ ಬಿಡೋಣ. ಅವರು ಅರುವತ್ತು ವರ್ಷಗಳ ಕಾಲ ಮನೆಯವರನ್ನೂ ನೆರೆಯವರನ್ನೂ ಶಾಲೆಯ ಮಕ್ಕಳನ್ನೂ ಸುತ್ತಲಿನ ಹಳ್ಳಿಗರನ್ನೂ ಕೂಡಿಸಿ ಹಾಡಿಸಿದರು, ಕುಣಿಸಿದರು, ನಾಟಕವಾಡಿಸಿದರು, ನೆಲದ ಮೇಲೆ ಚಿತ್ರ ಬರೆಯಿಸಿದರು. ನಾವು ಹೇಳಬೇಕೆಂದಿರುವುದು ಇದನ್ನೇ.

ಠಾಕೂರರು 1861ನೆಯ ಇಸವಿಯ ಮೇ ತಿಂಗಳಲ್ಲಿ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಹುಟ್ಟಿದರು. ಆ ಮನೆಯಲ್ಲಿ ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು ಎಲ್ಲರೂ ಹಾಡುವವರೇ. ಇಂಗ್ಲೆಂಡಿನಿಂದ ಹಿಂದಿರುಗಿದ ತರುಣ ಕವಿಯು 1881ರಲ್ಲಿ 'ವಾಲ್ಮೀಕಿ ಪ್ರತಿಭಾ' ಎಂಬ ಗೀತನಾಟಕವನ್ನು ಬರೆದು, ಅದರ ಕೆಲವು ಹಾಡುಗಳನ್ನು ತಾನು ಅಲ್ಲಿ ಕೇಳಿದ್ದ ಐರಿಶ್ ರಾಗಗಳಿಗೆ ಹೊಂದಿಸಿ, ತಾನೇ ವಾಲ್ಮೀಕಿಯಾಗಿ ನಿಂತನು. ಸರಸ್ವತಿಯ ಪಾತ್ರವನ್ನು ವಹಿಸಿದವಳು ಅಣ್ಣನ ಮಗಳಾದ ಪ್ರತಿಭಾ. ಕುಲೀನರ ಮನೆಯ ಕನ್ಯೆಯೊಬ್ಬಳು ಆಹ್ವಾನಿತರ ಮುಂದೆ ರಂಗದ ಮೇಲೆ ಬರುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಪ್ರಶ್ನೆಯು ಇನ್ನೂ ಕಠಿಣವಾಗಿ ಎದುರಾಗುವುದು.

ನಮ್ಮ ಕರಾವಳಿಗೂ ಈ ಕಥೆಯಲ್ಲಿ ಪಾಲುಂಟು. ಭಾರತೀಯರಲ್ಲಿ ಮೊತ್ತಮೊದಲು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಸತ್ಯೇಂದ್ರನಾಥರು ಕವಿಯ ಅಣ್ಣಂದಿರು. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಕವಿಯು ಅಲ್ಲಿಗೆ ಬಂದು ತಂಗಿದ್ದನು. ಬೆಳದಿಂಗಳ ರಾತ್ರಿಯಲ್ಲಿ ಕಾಳಿನದಿಯಲ್ಲಿ ದೋಣಿಯೇರಿ ಹೋದದ್ದನ್ನೂ, ಮರಳಿನ ಮೇಲೆ ನಡೆದು ಮನೆಗೆ ಬಂದದ್ದನ್ನೂ ತನ್ನ ಜೀವನಸ್ಮೃತಿಯಲ್ಲಿ ಅವನು ವರ್ಣಿಸಿದ್ದಾನೆ. 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕವು ಕಾರವಾರದಲ್ಲಿಯೇ ಹುಟ್ಟಿತು. ಅಲ್ಲಿಂದ ಹಿಂದಿರುಗುವಾಗ ಹಡಗಿನ ಮೇಲಟ್ಟದಲ್ಲಿ ಕುಳಿತು, ಹಾಡುತ್ತ ಹಾಡುತ್ತಲೇ ಅದಕ್ಕೊಂದು ಗೀತೆಯನ್ನು ಕಟ್ಟಿದನಂತೆ. ಅದರ ಸಂದರ್ಭವು ಸರಳವಾದದ್ದು: ಬೆಳಗಾಗಿದೆ, ದನ ಕಾಯುವ ಹುಡುಗರು ತಾಯಿಯ ಬಾಗಿಲಲ್ಲಿ ನಿಂತು, ನಿನ್ನ ಮಗನನ್ನು ನಮ್ಮ ಸಂಗಡ ಬಯಲಿಗೆ ಕಳುಹಿಸಿಕೊಡು ಎಂದು ಬೇಡುತ್ತಾರೆ. ತಾಯಂದಿರು ಓದುವ ಈ ಪುಟದಲ್ಲಿ ಆ ಸಂದರ್ಭವನ್ನು ಹೇಳದೆ ಹೋಗಲು ನಮಗೆ ಮನಸ್ಸಾಗಲಿಲ್ಲ.

ಮೈಸೂರಿಗೂ ಒಂದು ಋಣವಿದೆ. ಕವಿಯ ಅಕ್ಕನ ಮಗಳಾದ ಸರಳಾದೇವಿಯು ಕಳೆದ ಶತಮಾನಕ್ಕೂ ಹಿಂದೆ, 1895ರ ಸುಮಾರಿಗೆ, ಮೈಸೂರಿನ ಮಹಾರಾಣಿ ಬಾಲಿಕಾ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು, ಅಲ್ಲಿ ಕೇಳಿದ ರಾಗಗಳನ್ನು ಗಂಟುಕಟ್ಟಿಕೊಂಡು ಹೋಗಿ ಸೋದರಮಾವನಿಗೆ ಒಪ್ಪಿಸಿದಳು. ಅವುಗಳಿಂದ ಕೆಲವು ಬಂಗಾಳೀ ಗೀತೆಗಳು ಹುಟ್ಟಿದವು. 'ಆನಂದಲೋಕೇ' ಎಂದು ತೊಡಗುವ ಪ್ರಸಿದ್ಧ ಪ್ರಾರ್ಥನಾಗೀತೆ ಅವುಗಳಲ್ಲೊಂದು. ಒಬ್ಬ ಶಾಲಾ ಉಪಾಧ್ಯಾಯಿನಿಯ ಕಿವಿಯು ಇಷ್ಟು ಕೆಲಸ ಮಾಡಿತು.

ಮೂವತ್ತನೆಯ ವಯಸ್ಸಿನ ಹೊತ್ತಿಗೆ ಕವಿಯು ಮನೆತನದ ಜಮೀನುಗಳನ್ನು ನೋಡಿಕೊಳ್ಳುವುದಕ್ಕಾಗಿ ಪದ್ಮಾನದಿಯ ಬಳಿಯ ಶಿಲಾಯಿದಹದಲ್ಲಿ ವಾಸಮಾಡತೊಡಗಿದನು. ರೈತರ ಬಡತನವನ್ನೂ ಅವರ ಹಾಡಿನ ಸಂಪತ್ತನ್ನೂ ಅವನು ಒಟ್ಟಿಗೆ ಕಂಡದ್ದು ಅಲ್ಲಿ. ಮಕ್ಕಳನ್ನು ಮಲಗಿಸುವ ಪದಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು ಅವುಗಳ ವಿಷಯವಾಗಿ ಲೇಖನ ಬರೆದನು. ಬಾವುಲರೆಂಬ ತಿರುಗಾಡುವ ಹಾಡುಗಾರರ ಪದಗಳನ್ನು ಕೂಡಿಹಾಕಿದನು. ಗಗನನೆಂಬ ಅಂಚೆಯವನು ಆ ಊರಲ್ಲಿದ್ದನು. ಕಾಗದಗಳನ್ನು ಮನೆಮನೆಗೆ ಹಂಚುತ್ತ ಹಾಡುವವನು. ಹರಕಾರನೆಂದರೆ ಅಂಚೆಯಾಳೆಂದರ್ಥ, ಆದುದರಿಂದ ಗಗನ ಹರಕಾರನೆಂದೇ ಅವನ ಹೆಸರು ಉಳಿದಿದೆ. ಅವನ ಒಂದು ಪದದ ಮಟ್ಟಿಗೆ ಕವಿಯು 1905ರಲ್ಲಿ ಹೊಸ ಮಾತುಗಳನ್ನು ಜೋಡಿಸಿದನು. ಅರುವತ್ತಾರು ವರ್ಷಗಳ ಮೇಲೆ ಬಾಂಗ್ಲಾದೇಶವು ಹುಟ್ಟಿದಾಗ ಅದೇ ಆ ದೇಶದ ರಾಷ್ಟ್ರಗೀತೆಯಾಯಿತು. ಅಂಚೆಯವನ ರಾಗಕ್ಕೆ ಇಂದು ಒಂದು ರಾಜ್ಯವೇ ಎದ್ದು ನಿಲ್ಲುತ್ತದೆ.

ಆ 1905ನೆಯ ವರ್ಷದಲ್ಲಿಯೇ ಸರಕಾರದವರು ಬಂಗಾಳವನ್ನು ಎರಡು ಮಾಡಿದರು. ಅಕ್ಟೋಬರ್ 16ರಂದು ಕವಿಯು ಬರಿಗಾಲಿನಲ್ಲಿ ಜನರೊಡನೆ ಹೊಸ ಗೀತೆಯನ್ನು ಹಾಡುತ್ತ ಗಂಗೆಗೆ ನಡೆದು, ಸ್ನಾನ ಮಾಡಿ, ಎದುರಿಗೆ ಸಿಕ್ಕಿದವರ ಕೈಗೆಲ್ಲಾ ರಾಖಿಯ ದಾರವನ್ನು ಕಟ್ಟಿದನು. ದಾರಿಯಲ್ಲಿ ಒಂದು ಕುದುರೆಲಾಯದ ಮುಸಲ್ಮಾನ ಆಳುಗಳಿಗೂ ಕಟ್ಟಿದನೆಂದೂ, ಬಳಿಕ ಮಸೀದಿಯೊಳಕ್ಕೆ ಹೋಗಿ ಮೌಲವಿಗಳಿಗೆ ಕಟ್ಟಿದನೆಂದೂ, ಜಗಳವಾದೀತೆಂದು ಹೆದರಿ ತಾನು ಮೆಲ್ಲನೆ ಜಾರಿಕೊಂಡೆನೆಂದೂ ಅಣ್ಣನ ಮಗನಾದ ಚಿತ್ರಕಾರ ಅವನೀಂದ್ರನಾಥರು ಹೇಳಿಕೊಂಡಿದ್ದಾರೆ. ಜಗಳವಾಗಲಿಲ್ಲ, ಮೌಲವಿಗಳು ನಕ್ಕರಂತೆ.

ಇನ್ನು ಶಾಲೆಯ ವಿಷಯಕ್ಕೆ ಬರುವೆವು. ತಂದೆಯವರು ಧ್ಯಾನಕ್ಕೆಂದು ಕೊಂಡಿದ್ದ ಶಾಂತಿನಿಕೇತನವೆಂಬ ಬಯಲಿನಲ್ಲಿ 1901ರ ಡಿಸೆಂಬರಿನಲ್ಲಿ ಐದಾರು ಹುಡುಗರಿಂದ ಅದು ಆರಂಭವಾಯಿತು. ಬೆಳಗಿನ ಜಾವದಲ್ಲಿ ಮಕ್ಕಳ ಒಂದು ತಂಡವು ಹಾಡುತ್ತ ಆವರಣವನ್ನು ಸುತ್ತಿಬರುವುದು. ಅದಕ್ಕೆ ವೈತಾಲಿಕವೆಂದು ಹೆಸರು. ಮಳೆ ಬಂದರೆ ಮಳೆಯ ಹಬ್ಬ, ಶರತ್ಕಾಲಕ್ಕೆ ಅದರ ನಾಟಕ, ವಸಂತಕ್ಕೆ ಅದರ ಹಾಡು. 1910ರಿಂದ ಡಿಸೆಂಬರ್ 25ರಂದು ಅಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್ತೋತ್ಸವವೂ ನಡೆದುಬಂದಿದೆ. ಹೀಗೆ ವರ್ಷಕ್ಕೆ ಬೇಕಾದ ಹಾಡುಗಳನ್ನೆಲ್ಲಾ ಕವಿಯೇ ಕಟ್ಟಿದನು. ಒಟ್ಟಿನಲ್ಲಿ ಅವು ಎರಡು ಸಾವಿರಕ್ಕೂ ಮಿಕ್ಕಿವೆ. ವಿಚಿತ್ರವೇನೆಂದರೆ, ತಾನೇ ಕಟ್ಟಿದ ರಾಗವನ್ನು ಅವನು ಬೇಗನೆ ಮರೆಯುತ್ತಿದ್ದನು. ಆದಕಾರಣ ಹಾಡು ಹುಟ್ಟಿದೊಡನೆ ಅಣ್ಣನ ಮೊಮ್ಮಗನಾದ ದಿನೇಂದ್ರನಾಥನನ್ನು ಕರೆಯಿಸಿ ಕಲಿಸಿಬಿಡುವನು. ಅವನು ಅದನ್ನು ಸ್ವರಲಿಪಿಯಲ್ಲಿ ಬರೆದಿಟ್ಟು ಮಕ್ಕಳಿಗೆ ಕಲಿಸುವನು. 1935ರಲ್ಲಿ ತೀರಿಹೋದ ಈ ದಿನೇಂದ್ರನಾಥನಿಲ್ಲದಿದ್ದರೆ ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಶಾಲೆಗಳಲ್ಲಿ ಇಂಥವರೊಬ್ಬರು ಇರುತ್ತಾರೆ. ಅವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ಕಲೆಯನ್ನು ಕಲಿಸುವ ಕಲಾಭವನವು 1919ರಲ್ಲಿ ತೆರೆಯಿತು. ನಂದಲಾಲ ಬಸುಗಳು ಅದರ ಆಚಾರ್ಯರಾದರು. ಅಲ್ಲಿ ಪಾಠ ಹೇಳಿದವರಲ್ಲಿ ಸುಕುಮಾರೀದೇವಿ ಎಂಬ ವಿಧವೆಯೊಬ್ಬರಿದ್ದರು. ಪೂರ್ವಬಂಗಾಳದ ಹಳ್ಳಿಯಲ್ಲಿ ವ್ರತದ ದಿನಗಳಲ್ಲಿ ಅಕ್ಕಿಹಿಟ್ಟಿನ ನೀರಿನಿಂದ ನೆಲದ ಮೇಲೆ ಬರೆಯುವ ಆಲ್ಪನಾ ಎಂಬ ವಿದ್ಯೆಯನ್ನು ಅವರು ಬಲ್ಲವರು. ನಮ್ಮ ಅಂಗಳದ ರಂಗವಲ್ಲಿಯ ಅಕ್ಕನೇ ಅದು ಎನ್ನಬಹುದು. ದೊಡ್ಡ ಚಿತ್ರಕಾರರ ಸಾಲಿನಲ್ಲಿ ಈ ತಾಯಿಯನ್ನು ಉಪಾಧ್ಯಾಯಿನಿಯಾಗಿ ಕೂಡ್ರಿಸಿದ್ದನ್ನು ನಾವು ಬಹಳ ದೊಡ್ಡ ಕಾರ್ಯವೆಂದು ಎಣಿಸುತ್ತೇವೆ. ಯಾಕಂದರೆ ಹೊಸತಿಲ ಮುಂದೆ ಬಗ್ಗಿ ಬರೆಯುವಾಕೆಯನ್ನು ಕಲಾವಿದೆಯೆಂದು ಕರೆಯಲು ಇಂದಿಗೂ ನಮ್ಮಲ್ಲಿ ಎಷ್ಟು ಜನರಿಗೆ ಬಾಯಿ ಬರುತ್ತದೆ?

ನೃತ್ಯದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1919ರಲ್ಲಿ ಸಿಲ್ಹೆಟ್ಟಿಗೆ ಹೋಗಿದ್ದಾಗ ಕವಿಯು ಮಣಿಪುರಿ ಬಾಲೆಯರ ನೃತ್ಯವನ್ನು ಕಂಡು ಬೆರಗಾದನು. ಅಲ್ಲಿಯ ಜನರಲ್ಲಿ ನೃತ್ಯವು ಪೂಜೆಯ ಭಾಗವೇ ಹೊರತು ಹಣಕ್ಕಾಗಿ ಆಡುವ ಆಟವಲ್ಲ. ಬಂಗಾಳದಲ್ಲಾದರೋ, ಕುಣಿಯುವ ಹೆಂಗಸೆಂದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದ ಕಾಲ. ತ್ರಿಪುರದ ಅರಸರ ಸಹಾಯದಿಂದ ಬುದ್ಧಿಮಂತ ಸಿಂಹನೆಂಬ ಮಣಿಪುರಿ ಗುರುವು ಶಾಂತಿನಿಕೇತನಕ್ಕೆ ಬಂದನು. ಅವನು ಮೊದಲು ಕಲಿಸಿದ್ದು ಗಂಡುಹುಡುಗರಿಗೆ. ಅದೂ ಮದ್ದಳೆಯ ತಾಳಕ್ಕೆ ಮಾಡುವ ಅಂಗಸಾಧನೆಯೆಂಬ ಹೆಸರಿನಲ್ಲಿ! ಕವಿಯ ಜಾಣತನಕ್ಕೆ ನಮಗೆ ನಗು ಬರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಏನನ್ನು ಯಾವ ಹೆಸರಿನಿಂದ ಬರೆದರೆ ನಡೆಯುವುದೆಂಬುದನ್ನು ಯಾವ ಮುಖ್ಯೋಪಾಧ್ಯಾಯಿನಿಯೂ ಬಲ್ಲಳು.

1926ರ ಮೇ ತಿಂಗಳಲ್ಲಿ, ಕವಿಗೆ 65 ವರ್ಷ ತುಂಬಿದ ದಿನ, 'ನಟೀರ ಪೂಜಾ' ಎಂಬ ನಾಟಕವು ಶಾಂತಿನಿಕೇತನದಲ್ಲಿ ಆಡಲ್ಪಟ್ಟಿತು. ಬಾಲೆಯರೇ ಆಡುವಂಥ ನಾಟಕವೊಂದು ಬೇಕೆಂದು ಸೊಸೆಯಾದ ಪ್ರತಿಮಾದೇವಿಯು ಕೇಳಿದ್ದರಿಂದ ಅದನ್ನು ಬರೆದದ್ದು. ಕಥೆಯು ಬುದ್ಧನ ಕಾಲದ್ದು. ಅಜಾತಶತ್ರುವಿನ ಆಳಿಕೆಯಲ್ಲಿ ಸ್ತೂಪದ ಪೂಜೆಯು ನಿಷೇಧಿಸಲ್ಪಟ್ಟಿದೆ, ಮೀರಿದವರಿಗೆ ಮರಣದಂಡನೆ. ಅರಮನೆಯ ನರ್ತಕಿಯಾದ ಶ್ರೀಮತಿಗೆ ಪೂಜೆಯ ಕರೆ ಬಂದಿದೆ. ಅವಳನ್ನು ಅವಮಾನಪಡಿಸುವುದಕ್ಕಾಗಿ, ಅದೇ ಸ್ತೂಪದ ಮುಂದೆ ನೀನು ಕುಣಿಯಬೇಕೆಂದು ಆಜ್ಞೆಯಾಗುವುದು. ಅವಳು ಕುಣಿಯುವಳು. ಕುಣಿಯುತ್ತ ಒಂದೊಂದಾಗಿ ಒಡವೆಗಳನ್ನೂ ಜರತಾರಿಯನ್ನೂ ಕಳಚಿ ಎಸೆಯಲು ಒಳಗಿನಿಂದ ಭಿಕ್ಷುಣಿಯ ಕಾವಿಬಟ್ಟೆಯು ಕಾಣಿಸುವುದು. ಆ ಪೂಜೆಯ ಬೆಲೆಯಾಗಿ ಅಲ್ಲಿಯೇ ಪ್ರಾಣ ಕೊಡುವಳು. ಶ್ರೀಮತಿಯಾದವಳು ನಂದಲಾಲ ಬಸುಗಳ ಮಗಳು ಗೌರಿ.

ಮರುವರ್ಷದ ಜನವರಿಯಲ್ಲಿ ಅದನ್ನು ಕಲ್ಕತ್ತೆಗೆ ಒಯ್ಯಬೇಕೆಂದಾಯಿತು. ಊರಿನ ಮಗಳು ಆಶ್ರಮದೊಳಗೆ ಕುಣಿಯುವುದೇ ಬೇರೆ; ಕಲ್ಕತ್ತೆಯ ಸಾರ್ವಜನಿಕರ ಮುಂದೆ ಕುಣಿಯುವುದೇ ಬೇರೆ. ಜನರು ಏನೆಂದಾರು? ಕವಿಯು ಏನು ಮಾಡಿದನೆಂಬುದನ್ನು ತಂದೆತಾಯಿಗಳು ಗಮನಿಸಬೇಕು. ಅವನು ಲೇಖನ ಬರೆದು ವಾದಿಸುವುದಕ್ಕೆ ಹೋಗಲಿಲ್ಲ. ಹೆಂಗಸರೇ ಇದ್ದ ನಾಟಕದಲ್ಲಿ ಭಿಕ್ಷು ಉಪಾಲಿ ಎಂಬ ಒಂದೇ ಒಂದು ಗಂಡಿನ ಪಾತ್ರವನ್ನು ಹೊಸದಾಗಿ ಸೇರಿಸಿ, ಬಿಳಿಗಡ್ಡದ ತಾನೇ ಆ ವೇಷದಿಂದ ಮಕ್ಕಳೊಡನೆ ರಂಗದ ಮೇಲೆ ಬಂದು ನಿಂತನು. ಜಗತ್ತೇ ಗೌರವಿಸುತ್ತಿದ್ದ ಮುದುಕನು ರಂಗದ ಮೇಲಿರುವಾಗ ಕಲ್ಲೆಸೆಯುವವರ ಕೈ ತಡೆಯುವುದು. ಎಸೆದರೂ ಮೊದಲು ಅವನಿಗೇ ತಗಲುವುದು. ಗೌರಿಯ ನೃತ್ಯವನ್ನು ಕಂಡವರು ಬಹುಕಾಲ ಅದನ್ನು ನೆನೆದರು. ಬಂಗಾಳದ ಗೃಹಸ್ಥರ ಮನೆಗಳಲ್ಲಿ ಹೆಣ್ಣುಮಕ್ಕಳು ನೃತ್ಯ ಕಲಿಯುವ ದಾರಿಯು ಅಂದಿನಿಂದ ತೆರೆಯಿತೆಂದು ಹೇಳಿದರೆ ಹೆಚ್ಚಾಗದು. ಅದೇ ನಾಟಕವನ್ನು 1932ರಲ್ಲಿ ಕವಿಯು ಚಲಚ್ಚಿತ್ರವಾಗಿಯೂ ಮಾಡಿದನು. ಅವನು ನಿರ್ದೇಶಿಸಿದ ಚಿತ್ರ ಅದೊಂದೇ. ಅದರ ಸುರುಳಿಗಳಲ್ಲಿ ಹೆಚ್ಚಿನವು ಮುಂದೆ ಸ್ಟುಡಿಯೋದ ಬೆಂಕಿಯಲ್ಲಿ ಸುಟ್ಟುಹೋದವು.

ಶಾಂತಿನಿಕೇತನದ ಮಕ್ಕಳು ಚೆನ್ನಾಗಿ ಹಾಡಿದರು, ಒಳ್ಳೆಯದು. ಸುತ್ತಲಿನ ಹಳ್ಳಿಗರಿಗೆ ಏನಾಯಿತೆಂದು ಕೇಳಬಹುದು. ಕವಿಗೂ ಈ ಪ್ರಶ್ನೆಯು ಮುಳ್ಳಿನಂತೆ ಚುಚ್ಚುತ್ತಿತ್ತು. 1922ರ ಫೆಬ್ರವರಿ 6ರಂದು ಹತ್ತಿರದ ಸುರುಲ್ ಗ್ರಾಮದಲ್ಲಿ ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಕೃಷಿಪಂಡಿತನನ್ನು ಮುಂದಿಟ್ಟುಕೊಂಡು ಅವನು ತೊಡಗಿಸಿದ ಗ್ರಾಮಸೇವೆಯ ಕೇಂದ್ರವು ಶ್ರೀನಿಕೇತನವೆಂದು ಹೆಸರಾಯಿತು. ಮಲೇರಿಯಾದೊಡನೆ ಹೋರಾಟ, ಸಹಕಾರ ಸಂಘ, ನೇಯ್ಗೆ, ಚರ್ಮದ ಕೆಲಸ ಇವೆಲ್ಲವುಗಳ ಸಂಗಡ ಹಾಡೂ ಹಬ್ಬವೂ ಅಲ್ಲಿದ್ದವು. 1928ರ ಮಳೆಗಾಲದಲ್ಲಿ ಗಿಡ ನೆಡುವ ಉತ್ಸವವನ್ನು ಏರ್ಪಡಿಸಿದರು. ಪ್ರತಿಮಾದೇವಿಯ ಕುಂಡದಲ್ಲಿದ್ದ ಬಕುಲದ ಸಸಿಗೆ ಅಂದು ಮೆರವಣಿಗೆಯಾಯಿತು. ಬಾಲೆಯರು ಹಾಡುತ್ತ, ಶಂಖ ಊದುತ್ತ ಮುಂದೆ ನಡೆದರು. ಶ್ರೀನಿಕೇತನದಲ್ಲಿ ನೇಗಿಲಿನ ಹಬ್ಬವಾಯಿತು. ಕವಿಯೇ ನೇಗಿಲು ಹಿಡಿದನು. ಉಳುವ ಕೆಲಸವು ಹಾಡಿಗೆ ಯೋಗ್ಯವಾದದ್ದೆಂದು ಉಳುವವನ ಎದುರಿಗೇ ತೋರಿಸಿದ್ದು ಅಂದಿನ ವಿಶೇಷ. ಈ ಎರಡು ಹಬ್ಬಗಳು ಅವನ ಕಾಲದ ಮೇಲೂ ಅಲ್ಲಿ ನಡೆದುಬಂದಿವೆ.

ಇಷ್ಟನ್ನೆಲ್ಲಾ ನಡೆಸಲು ಹಣ ಎಲ್ಲಿಂದ ಬರಬೇಕು? 75ನೆಯ ವರ್ಷ ನಡೆಯುತ್ತಿರುವಾಗ, 1936ರಲ್ಲಿ, 'ಚಿತ್ರಾಂಗದಾ' ನೃತ್ಯನಾಟಕದ ತಂಡವನ್ನು ಕಟ್ಟಿಕೊಂಡು ಕವಿಯು ಉತ್ತರ ಹಿಂದುಸ್ಥಾನದ ಊರೂರಿಗೆ ಹೊರಟನು. ದಿಲ್ಲಿಯಲ್ಲಿ ಇದನ್ನು ಕಂಡ ಗಾಂಧೀಜಿಯವರು ಮನನೊಂದು, ಒಬ್ಬ ದಾನಿಯಿಂದ 60,000 ರೂಪಾಯಿ ಕೊಡಿಸಿ, ಇನ್ನು ಈ ವಯಸ್ಸಿನಲ್ಲಿ ತಿರುಗಬಾರದೆಂದು ಬೇಡಿಕೊಂಡರು. ಹಣಕ್ಕಾಗಿಯೇ ತಿರುಗಿದನೆಂದು ಮಾತ್ರ ನಾವು ನಂಬುವುದಿಲ್ಲ. ಆ ಮಕ್ಕಳನ್ನು ದೇಶವು ಕಾಣಬೇಕೆಂಬ ಆಸೆಯೂ ಇದ್ದಿರಬೇಕು.

ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಎಲ್ಲರೂ ಹಾಡಲೆಂದು ಬಯಸಿದ ಕವಿಯು, ಹೇಗೆ ಬೇಕಾದರೂ ಹಾಡಲೆಂದು ಬಯಸಿದವನಲ್ಲ. ಗಾಯಕರು ತನ್ನ ರಾಗಗಳನ್ನು ತಮ್ಮ ಇಚ್ಛೆಯಂತೆ ತಿರುಚುವುದು ಅವನಿಗೆ ಸೇರುತ್ತಿರಲಿಲ್ಲ. ಅವನ ಕಾಲಾನಂತರ ವಿಶ್ವಭಾರತಿಯ ಸಂಗೀತ ಮಂಡಲಿಯು ಈ ಕಾವಲನ್ನು ಬಹು ಬಿಗಿಯಾಗಿ ನಡೆಸಿತು. ಹಕ್ಕಿನ ಅವಧಿಯು 2001ರ ಕೊನೆಗೆ ತೀರುವವರೆಗೂ ಧ್ವನಿಮುದ್ರಿಕೆಗಳಿಗೆ ಅದರ ಒಪ್ಪಿಗೆ ಬೇಕಾಗಿತ್ತು. ಇಷ್ಟು ಬಿಗಿಯು ಬೇಕಾಗಿತ್ತೇ ಎಂದು ನಮಗೆ ಸಂದೇಹ. ಆದರೆ ಸರಿಯಾಗಿ ಕಲಿತು ಹಾಡಬೇಕೆಂಬ ಕವಿಯ ಹಟವು ನಮಗೆ ಸಮ್ಮತವೇ. ಎಲ್ಲರನ್ನೂ ಸೇರಿಸಿಕೊಳ್ಳುವುದೂ ಎಲ್ಲರಿಗೂ ಸರಿಯಾಗಿ ಕಲಿಸುವುದೂ ಒಟ್ಟಿಗೆ ನಡೆಯಬೇಕಾದರೆ ಕಲಿಸುವವರಿಗೆ ಎರಡರಷ್ಟು ಕೆಲಸ. ನಾವು ತಪ್ಪಿದ್ದು ಇಲ್ಲಿಯೇ.

ಇಪ್ಪತ್ತೆರಡು ವರ್ಷಗಳ ಹಿಂದೆ, ತರಬೇತಿ ಮುಗಿಸಿ ಹೊಸದಾಗಿ ಉಪಾಧ್ಯಾಯಿನಿಯರಾಗಿದ್ದಾಗ, ಕ್ರಿಸ್ಮಸ್ ಗೀತೆಗಳಿಗೆ ಬಾಲೆಯರನ್ನು ಸಿದ್ಧಪಡಿಸುವ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಎರಡನೆಯ ಸಾಲಿನಲ್ಲಿ ನಿಂತಿದ್ದ ಒಬ್ಬಳ ಸ್ವರವು ಪ್ರತಿ ಸಲವೂ ಕೆಳಗಿಳಿಯುತ್ತಿತ್ತು. ಅತಿಥಿಗಳು ಬರುವವರಿದ್ದರು, ದಿನಗಳು ಕಡಿಮೆ. ಅವಳನ್ನು ಪಕ್ಕಕ್ಕೆ ಕರೆದು, ನೀನು ಬಾಯಿ ಮಾತ್ರ ಆಡಿಸು, ಸ್ವರ ಹೊರಡಿಸಬೇಡ ಎಂದೆವು. ಅವಳು ತಲೆಯಾಡಿಸಿದಳು. ಕಾರ್ಯಕ್ರಮವು ಚೆನ್ನಾಗಿ ನಡೆಯಿತು. ನಮಗೆ ಪ್ರಶಂಸೆಯೂ ಬಂತು.

ಕವಿಯು ತನ್ನ ಕೊನೆಯ ವರ್ಷವಾದ 1941ರಲ್ಲಿ ಬರೆದ ಒಂದು ಕವಿತೆಯಲ್ಲಿ, ತನ್ನ ಕಾವ್ಯವು ಹಲವು ದಾರಿಗಳಲ್ಲಿ ನಡೆದರೂ ಎಲ್ಲರ ಬಳಿಗೆ ಹೋಗಲಿಲ್ಲವೆಂದೂ, ಉಳುವವರ ನೇಯುವವರ ಮನೆಯೊಳಗೆ ಹೋಗುವ ಶಕ್ತಿಯು ತನಗಿರಲಿಲ್ಲವೆಂದೂ ಒಪ್ಪಿಕೊಂಡಿದ್ದಾನೆ. ಆ ವರ್ಷದ ಆಗಸ್ಟ್ 7ರಂದು ಅವನು ತೀರಿಕೊಂಡನು. ಎಂಬತ್ತು ವರ್ಷದ ಮಹಾಕವಿಯು ಮಾಡಿದ ಈ ಒಪ್ಪಿಗೆಯನ್ನು ಓದಿದ ಸಂಜೆ ನಮಗೆ ಆ ಎರಡನೆಯ ಸಾಲಿನ ಹುಡುಗಿಯ ನೆನಪಾಯಿತು.

ಈ ಜೂನ್ ತಿಂಗಳಲ್ಲಿ ಆಕೆಯೇ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಹೆಸರು ಬೇಡ, ಈ ಸಂಗತಿಯನ್ನು ಬರೆಯಲು ಅವಳ ಅಪ್ಪಣೆಯನ್ನು ಪಡೆದಿದ್ದೇವೆ. ಅರ್ಜಿಯನ್ನು ತುಂಬಿ ಮುಗಿಸಿ, ನಗುತ್ತಲೇ, "ಟೀಚರ್, ನೀವು ಬಾಯಿ ಮಾತ್ರ ಆಡಿಸು ಅಂದಿದ್ದಿರಿ, ನೆನಪಿದೆಯೇ? ಇವಳು ಕೂಸಾಗಿದ್ದಾಗ ಜೋಗುಳ ಹಾಡುವುದಿದ್ದರೂ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ" ಎಂದಳು. ದೂರುವುದಕ್ಕೆಂದು ಹೇಳಿದ ಮಾತಲ್ಲ ಅದು. ನಾವು ಕ್ಷಮೆ ಕೇಳಿದೆವು. ಅವಳು ನಾಚಿಕೊಂಡು ಮಾತನ್ನು ಬೇರೆ ಕಡೆಗೆ ತಿರುಗಿಸಿದಳು.

ಮಗಳು ಈಗ ಎರಡನೆಯ ಸಾಲಿನಲ್ಲಿಯೇ ನಿಲ್ಲುತ್ತಾಳೆ. ಮೇಲಿನ ಸ್ವರಗಳಲ್ಲಿ ಅವಳದೂ ಇಳಿಯುತ್ತದೆ. ಗುರುವಾರಗಳಂದು ಶಾಲೆ ಬಿಟ್ಟ ಮೇಲೆ ಸಂಗೀತದ ಉಪಾಧ್ಯಾಯಿನಿಯವರು ಅವಳನ್ನು ಹಾರ್ಮೋನಿಯಮ್ಮಿನ ಬಳಿ ಅರ್ಧ ಘಂಟೆ ಕೂಡ್ರಿಸಿಕೊಳ್ಳುತ್ತಾರೆ. ಕರೆದೊಯ್ಯಲು ಬಂದ ತಾಯಿಯು ಮೊದಮೊದಲು ಜಗಲಿಯಲ್ಲಿ ಕಾದು ಕುಳಿತಿರುತ್ತಿದ್ದಳು. ಹೋದ ಗುರುವಾರ ನಮ್ಮ ಕೋಣೆಗೆ ಆ ಹಾಡು ಎರಡು ಕಂಠಗಳಲ್ಲಿ ಕೇಳಿಸಿತು. ನಾವು ಎದ್ದು ಹೋಗಿ ನೋಡಲಿಲ್ಲ.